ಸುಳಿ ಬುಟ್ಟಿಯ ಹಿನ್ನೆಲೆ ಗದ್ದಲ

ನನ್ನ ಮುಖವನ್ನು ನೀವು ನೋಡಿರಲಿಕ್ಕಿಲ್ಲ. ಆದರೆ ಸ್ನಾನ ಮಾಡಿ ಬಂದ ಮೇಲೆ ನಾನು ಒದ್ದೆ ಟವೆಲನ್ನು ಎಲ್ಲಿ ಎಸೆಯುತ್ತೇನೆ ಎಂಬುದು ನಿಮಗೆ ಗೊತ್ತಿರುವ ಸಂಭವ ಬಹಳ. ನಾನು ಕಾಲಿಡದ ಊರುಗಳಲ್ಲಿ, ಹೆಸರೇ ಕೇಳದ ಬೀದಿಗಳಲ್ಲಿ ಈಗ ಈ ವಿಷಯ ಬಾಯಿಪಾಠವಾಗಿದೆ. ಇದಕ್ಕೆಲ್ಲ ಯಾರು ಕಾರಣ ಎಂದು ಕೇಳಿದರೆ ಕೈ ಎತ್ತಬೇಕಾದವನೂ ನಾನೇ. ಒಂದು ಹಳೆಯ ಕಲೆಯನ್ನು ಡಿಜಿಟಲ್ ತಂತ್ರಜ್ಞಾನದಿಂದ ಉದ್ಧಾರ ಮಾಡುತ್ತೇನೆಂದು ಸೊಂಟ ಕಟ್ಟಿ ನಿಂತವನು ನಾನು. ಉದ್ಧಾರ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದದ್ದು ಕಲೆ ಮಾತ್ರ.

ನಾನು ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತ. ಇಪ್ಪತ್ತಾರು ವರ್ಷಗಳಿಂದ ಕಿಟಕಿಯ ಈಚೆ ಕೂತು, ಆಚೆ ನಿಂತವರ ದೂರು ಕೇಳುತ್ತ ಬಂದಿದ್ದೇನೆ. (ಕೇಳುವುದು ಎಂದರೆ ಎರಡು ಸಲ ತಲೆ ಆಡಿಸಿ, ‘ತಮ್ಮ ದೂರನ್ನು ಸ್ವೀಕರಿಸಲಾಗಿದೆ’ ಎಂದು ಮೊಹರು ಒತ್ತುವುದು.) ಈ ಸುದೀರ್ಘ ತಪಸ್ಸಿನಿಂದ ನನಗೊಂದು ಸಿದ್ಧಿ ಒದಗಿದೆ. ಎದುರಿನವರ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಡುವ ಶ್ರಮವನ್ನೂ ತೆಗೆದುಕೊಳ್ಳುವುದಿಲ್ಲ. ಮೊದಲ ಕಿವಿಯ ಬಾಗಿಲಿನಿಂದಲೇ ವಾಪಸ್ಸು ಹೋಗಿಬಿಡುತ್ತದೆ. ಈ ಸಿದ್ಧಿಯನ್ನು ನಾನು ಮನೆಯಲ್ಲೂ ಧಾರಾಳವಾಗಿ ಬಳಸುತ್ತೇನೆ.

ನನ್ನ ಹೆಂಡತಿ ಬೆತ್ತದ ಬುಟ್ಟಿ ಹೆಣೆಯುವವಳು. ಅವಳಿಗೆ ಕಲಿಸಿದವರು ಅವಳ ಅಮ್ಮ, ಅಂದರೆ ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆ. ಅತ್ತೆಗೆ ಕಲಿಸಿದವರು ಅವರ ಅಮ್ಮ. ಆ ಮನೆತನದ ಹೆಂಗಸರಿಗೆ ಮಾತ್ರ ಬರುವ ಒಂದು ಹೆಣಿಗೆಯಿದೆ, ಸುಳಿ ಬುಟ್ಟಿ ಅಂತ. ತಳದಿಂದ ಹೊರಟ ಗೆರೆಯೊಂದು ದುಂಡು ಹೊಟ್ಟೆಯನ್ನು ಸುತ್ತಿ ಸುತ್ತಿ ಅಂಚಿನವರೆಗೆ ಏರುತ್ತದೆ. ಆ ಬುಟ್ಟಿಯನ್ನು ಬೆರಳಿನಿಂದ ದೂಡಿದರೆ ಪಕ್ಕಕ್ಕೆ ವಾಲಿ, ಇನ್ನೇನು ಬಿದ್ದೇಬಿಟ್ಟಿತು ಅನ್ನುವಷ್ಟರಲ್ಲಿ ತಾನಾಗಿಯೇ ಎದ್ದು ನಿಲ್ಲುತ್ತದೆ. ಹೆಣಿಗೆಯಲ್ಲಿ ಒಂದೇ ಒಂದು ಎಳೆ ತಪ್ಪಿದರೂ ಏಳುವುದಿಲ್ಲ. ನಮ್ಮ ಮುಂದಿನ ಕೋಣೆಯ ತುಂಬ ಬೆತ್ತದ ಕಂತೆಗಳು, ಬಚ್ಚಲಿನ ತೊಟ್ಟಿಯ ತುಂಬ ನೆನೆಹಾಕಿದ ಬೆತ್ತ. ನಾನು ಸ್ನಾನ ಮಾಡುವುದು ತೊಟ್ಟಿಯ ಪಕ್ಕ ಉಳಿದ ಒಂದೂವರೆ ಅಡಿ ಜಾಗದಲ್ಲಿ, ಮೊಣಕೈ ಮಡಚಿಕೊಂಡು.

ಅವಳು ಹೆಣೆಯಲು ಕೂತಳೆಂದರೆ ಕೈಯ ಜೊತೆ ಬಾಯಿಯೂ ಶುರುವಾಗುತ್ತದೆ. “ಕತ್ತೆ ಕಟ್ಟೋದು ಮರೆತ್ರಲ್ಲ, ರೀ! ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೆದಿದ್ದೀರಲ್ಲ, ರೀ! ಕನ್ನಡಕ ತಲೆಮೇಲೇ ಇದೆಯಲ್ಲ, ರೀ! ಅಯ್ಯೋ, ನನ್ನ ಕರ್ಮ!” ಹೀಗೇ ಗಂಟೆಗಟ್ಟಲೆ. ನಾವಿರುವುದು ಎರಡನೇ ಮಹಡಿಯಲ್ಲಿ. ಕತ್ತೆ ಸಾಕಿಲ್ಲ, ಸಾಕುವ ಉದ್ದೇಶವೂ ಇಲ್ಲ. ಮದುವೆಯಾದ ಹೊಸತರಲ್ಲಿ ಈ ಕತ್ತೆ ಯಾವುದಿರಬಹುದು ಎಂದು ಯೋಚಿಸಿ, ಬಹುಶಃ ನಾನೇ ಎಂದು ತೀರ್ಮಾನಿಸಿ, ಸಂಸಾರದ ಶಾಂತಿಗಾಗಿ ಸುಮ್ಮನಾದೆ. ನಾನು ಸ್ನಾನವನ್ನೇ ಮಾಡದ ಭಾನುವಾರಗಳಲ್ಲೂ ಟವೆಲಿನ ಆರೋಪ ತಪ್ಪುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇದರಲ್ಲೇನೋ ಗುಟ್ಟಿದೆ ಎಂದು ಅನುಮಾನಪಡುತ್ತಿದ್ದರು. ನಾನು ತಲೆ ಆಡಿಸುತ್ತ ಇಪ್ಪತ್ತೆರಡು ವರ್ಷ ಕಳೆದೆ.

ಹೀಗಿರುವಾಗ ಒಂದು ಸಂಜೆ ಕರಕುಶಲ ಕೇಂದ್ರದ ನಿರ್ದೇಶಕಿ ಮನೆಗೆ ಬಂದರು. ಹಳೆಯ ಕಲೆಗಳಿಗೆ ಡಿಜಿಟಲ್ ಆಸರೆ ಕೊಡುವ ಯೋಜನೆಯಂತೆ. ಕಲೆಯನ್ನು ವಿಡಿಯೋ ಪಾಠಗಳಾಗಿ ಮಾಡಿ ಕೇಂದ್ರದ ಜಾಲತಾಣಕ್ಕೆ ಹಾಕಬೇಕು. ಎಂಟು ವಾರಗಳಲ್ಲಿ ಹನ್ನೆರಡು ಜನ ಹೊರಗಿನವರು ಅದನ್ನು ನೋಡಿ ಕಲಿತು, ಕೇಂದ್ರಕ್ಕೆ ಬಂದು, ಎದ್ದು ನಿಲ್ಲುವ ಬುಟ್ಟಿ ತೋರಿಸಿದರೆ ಅಲ್ಲಿ ಸುಳಿ ಬುಟ್ಟಿಗೆಂದೇ ಕಾಯಂ ತರಗತಿ; ನನ್ನ ಹೆಂಡತಿಯೇ ಶಿಕ್ಷಕಿ.

“ಹನ್ನೆರಡು ಜನ ಆಗ್ದಿದ್ರೆ?” ಎಂದು ಕೇಳಿದಳು.

“ಆಗ್ದಿದ್ರೆ ಒಂದು ಬುಟ್ಟಿನ ಗಾಜಿನ ಬೀರುನಲ್ಲಿಟ್ಟು ಕೆಳಗೆ ಚೀಟಿ ಅಂಟಿಸ್ತೀವಿ. ಇದನ್ನು ಹೆಣೆಯುವವರು ಈಗ ಇಲ್ಲ ಅಂತ.”

ಒಳಕೋಣೆಯಿಂದ ಅತ್ತೆಯ ದನಿ ಬಂತು: “ನಾನಿನ್ನೂ ಇದ್ದೀನಮ್ಮಾ.”

ನಿರ್ದೇಶಕಿ ಹೋದ ಮೇಲೆ ಹೆಂಡತಿ ಬಹಳ ಹೊತ್ತು ಕೈಯಲ್ಲಿ ಬೆತ್ತ ಹಿಡಿದು ಸುಮ್ಮನೆ ಕೂತಿದ್ದಳು. ಬೆತ್ತ ಹಿಡಿದು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಗಾಬರಿಯೇ ಆಯಿತು. ನಮಗೆ ಮಕ್ಕಳಿಲ್ಲ. ಅತ್ತೆಯ ಕಣ್ಣುಗಳಿಗೆ ಮಂಜು ಕವಿಯುತ್ತಿದೆ, ಅದು ಆಪರೇಷನ್ನಿಗೆ ಬಗ್ಗುವ ಜಾತಿಯದಲ್ಲವೆಂದು ವೈದ್ಯರು ಹೇಳಿಯಾಗಿದೆ.

“ಅಮ್ಮನಿಗೆ ಪೂರ್ತಿ ಕಾಣದ ಹಾಗಾಗೋ ಮುಂಚೆ, ನಮ್ಮ ಮನೆಯವರಲ್ಲದ ಒಂದು ಕೈ ಈ ಸುಳಿ ಹೆಣೆಯೋದನ್ನ ಅವಳು ನೋಡ್ಬೇಕು ರೀ,” ಅಂದಳು. “ಅಷ್ಟೇ ನನ್ನಾಸೆ. ಆದ್ರೆ ಆ ವಿಡಿಯೋ ಗಿಡಿಯೋ ನಮಗೆಲ್ಲಿ ಬರುತ್ತೆ?”

ನನ್ನ ಎದೆ ಉಬ್ಬಿತು. “ಇವಳೇ, ನಾನಿದ್ದೀನಲ್ಲ!”

“ಅದೇ ಯೋಚನೆ ಆಗಿರೋದು,” ಅಂದಳು.

ಮರುದಿನವೇ ಫೋನ್ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು ತಂದೆ. ಸತತ ಎರಡು ಭಾನುವಾರ ಚಿತ್ರೀಕರಣ. ನಾನು ನಿರ್ದೇಶಕ, ಛಾಯಾಗ್ರಾಹಕ ಮತ್ತು ಬೆಳಕಿನ ಉಸ್ತುವಾರಿ. (ಬೆಳಕಿನ ಉಸ್ತುವಾರಿ ಎಂದರೆ ಕಿಟಕಿಯ ಪರದೆ ಸರಿಸಿ ಹಿಡಿದುಕೊಂಡು ನಿಲ್ಲುವುದು.) “ಆ್ಯಕ್ಷನ್!” ಅಂದೆ. “ಮೊದಲು ಅಡುಗೆಮನೆ ದೀಪ ಆರಿಸಿ ಬನ್ನಿ,” ಅಂದಳು. ಆರಿಸಿ ಬಂದೆ. ಅವಳ ಕೈ ಶುರುವಾಯಿತು, ಕೂಡಲೇ ಬಾಯಿಯೂ. ಕತ್ತೆ, ಟವೆಲು, ಕನ್ನಡಕ, ಕರ್ಮ. ನಾನು ಎಂದಿನಂತೆ ತಲೆ ಆಡಿಸುತ್ತ ಪರದೆ ಹಿಡಿದುಕೊಂಡೆ.

ಚಿತ್ರೀಕರಣ ಮುಗಿಸಿ ಸಂಕಲನಕ್ಕೆ ಕೂತಾಗ ಸಮಸ್ಯೆ ಅರ್ಥವಾಯಿತು. ಚಿತ್ರವೇನೋ ಅದ್ಭುತ. ಧ್ವನಿ ಮಾತ್ರ ನನ್ನ ಚಾರಿತ್ರ್ಯಕ್ಕೆ ಮಾರಕ. ಕಲಾಪ್ರೇಮಿಗಳು ನೋಡುವ ಪಾಠದಲ್ಲಿ ಒದ್ದೆ ಟವೆಲಿಗೇನು ಕೆಲಸ? ಅದೃಷ್ಟಕ್ಕೆ, ನಾನು ಇಳಿಸಿಕೊಂಡಿದ್ದ ಸಂಕಲನದ ಆ್ಯಪ್ ಬಹಳ ತಿಳಿವಳಿಕೆಯದು. ಅದು ತಾನಾಗಿಯೇ ಎಲ್ಲವನ್ನೂ ಪರಿಶೀಲಿಸಿ ಪರದೆಯ ಮೇಲೆ ವಿನಯದಿಂದ ಬರೆಯಿತು: ‘ನಿರಂತರವಾದ ಹಿನ್ನೆಲೆ ಗದ್ದಲ ಕಂಡುಬಂದಿದೆ. ಅಳಿಸಬೇಕೆ?’

ಇಪ್ಪತ್ತೆರಡು ವರ್ಷಗಳಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಕಣ್ಣು ತುಂಬಿ ಬಂತು. ‘ಹೌದು’ ಒತ್ತಿದೆ. ಒಂದೇ ಕ್ಷಣ! ಹೆಂಡತಿಯ ತುಟಿಗಳು ಆಡುತ್ತಿದ್ದವು, ಮಾತು ಮಾಯ. ಮನುಷ್ಯಕುಲ ಇಷ್ಟೊಂದು ಮುಂದುವರಿದಿದೆಯೆಂದು ನನಗೆ ಗೊತ್ತಿರಲಿಲ್ಲ. ಖಾಲಿಯಾದ ಜಾಗಕ್ಕೆ ಕೊಳಲಿನ ನಾದ ಸೇರಿಸಿದೆ. ಅವಳು ‘ಅಯ್ಯೋ ನನ್ನ ಕರ್ಮ’ ಎಂದು ಕೈ ನಿಲ್ಲಿಸುತ್ತಿದ್ದ ತುಣುಕುಗಳನ್ನೆಲ್ಲ ಕಾಲಹರಣವೆಂದು ಕತ್ತರಿಸಿ ಹಾಕಿದೆ. ತುಟಿಗಳು ಕಂಡರೆ ಯಾರಾದರೂ ಓದಿಯಾರು ಎಂದು ಕುತ್ತಿಗೆಯಿಂದ ಮೇಲಿನದನ್ನೂ ಚೌಕಟ್ಟಿನ ಹೊರಗೆ ತಳ್ಳಿದೆ. ನನ್ನದೇ ದನಿಯಲ್ಲಿ ನಿರೂಪಣೆ: ‘ಇದೋ, ಬೆರಳುಗಳ ಬೆಡಗು! ಬೆತ್ತದ ಬಿನ್ನಾಣ!’ ಫೋನಿನಲ್ಲಿ ಜಾಗ ಸಾಲದೆಂದು ಮೂಲ ಪ್ರತಿಗಳನ್ನು ಅಳಿಸಿದೆ. ಎಂಟು ಪಾಠಗಳು ಜಾಲತಾಣ ಸೇರಿದವು. ಹೆಂಡತಿಗೆ ತೋರಿಸಲಿಲ್ಲ, ಹನ್ನೆರಡು ಬುಟ್ಟಿ ಬಂದ ದಿನವೇ ತೋರಿಸಿ ಬೆರಗುಗೊಳಿಸೋಣ ಎಂದುಕೊಂಡೆ.

ಮೊದಲ ವಾರದಲ್ಲೇ ನಲವತ್ತಮೂರು ಜನ ಸೇರಿದರು. ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಬಸ್ ಚಾಲಕಿ, ನಿವೃತ್ತ ಗಣಿತದ ಮೇಷ್ಟ್ರು, ಅವಳಿ ಅಕ್ಕತಂಗಿಯರು, ಹೀಗೆ. ‘ಕೊಳಲು ಚೆನ್ನಾಗಿದೆ’ ಎಂದು ಹಲವರು ಬರೆದರು. ನಾನು ಕಚೇರಿಯಲ್ಲಿ ಅದನ್ನು ಎಲ್ಲರಿಗೂ ಓದಿ ಹೇಳಿದೆ.

ಮೂರನೇ ವಾರ ಬುಟ್ಟಿಗಳ ಫೋಟೋ ಬರತೊಡಗಿದವು. ಡಾಕ್ಟರರ ಬುಟ್ಟಿ ಟೋಪಿಯಂತಿತ್ತು. ಅವರೇ ಅದನ್ನು ತಲೆಗೆ ಹಾಕಿಕೊಂಡು ಫೋಟೋ ಕಳಿಸಿದ್ದರು. ಅವಳಿಗಳ ಎರಡು ಬುಟ್ಟಿಗಳು ನಡುವೆ ಎಲ್ಲೋ ಒಂದಕ್ಕೊಂದು ಹೆಣೆದುಕೊಂಡು ಬಿಡಿಸಲು ಬರುತ್ತಿರಲಿಲ್ಲ. ಚಾಲಕಿಯ ಬುಟ್ಟಿಯನ್ನು ದೂಡಿದರೆ ಬೀಳುತ್ತಿತ್ತು, ದೂಡದಿದ್ದರೂ ಬೀಳುತ್ತಿತ್ತು. ಮೇಷ್ಟ್ರು ನಾಲ್ಕು ಪುಟಗಳ ಪತ್ರ ಬರೆದಿದ್ದರು: ‘ಎಳೆ ಎಲ್ಲಿ ಕಡ್ಡಿಯ ಮುಂದೆ ಹೋಗುತ್ತದೆ, ಎಲ್ಲಿ ಹಿಂದೆ ಹೋಗುತ್ತದೆ ಎಂಬುದಕ್ಕೆ ನಿಮ್ಮ ವಿಡಿಯೋದಲ್ಲಿ ನಿಯಮವೇ ಇಲ್ಲ. ಕೈ ಓಡುವ ವೇಗಕ್ಕೆ ಕಣ್ಣು ಸಾಲದು. ದಯವಿಟ್ಟು ಲೆಕ್ಕ ಹೇಳಿ.’ ನಾನು ಅಭ್ಯಾಸಬಲದಿಂದ ಎಲ್ಲರಿಗೂ ‘ತಮ್ಮ ದೂರನ್ನು ಸ್ವೀಕರಿಸಲಾಗಿದೆ’ ಎಂದು ಉತ್ತರಿಸಿದೆ. ನಾಲ್ಕನೇ ವಾರಕ್ಕೆ ನಲವತ್ತಮೂರು ಜನ ಹದಿಮೂರಾದರು.

ನಿರ್ದೇಶಕಿ ಹೆಂಡತಿಗೇ ಫೋನ್ ಮಾಡಿಬಿಟ್ಟರು. ಗಾಜಿನ ಬೀರುವಿಗೆ ಅಳತೆ ತೆಗೆಯುತ್ತಿದ್ದಾರಂತೆ.

ಹೆಂಡತಿ ಫೋನ್ ಇಟ್ಟವಳೇ ನನ್ನ ಮುಂದೆ ಬಂದು ನಿಂತಳು. “ಏನ್ ರೀ ಮಾಡಿದ್ದೀರಾ? ತೋರಿಸಿ ಆ ವಿಡಿಯೋನ.”

ತೋರಿಸಿದೆ. ಒಂದು ನಿಮಿಷ ನೋಡಿದಳು. ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. ಫೋನಿನ ಕಡೆಗೆ ಕಿವಿ ಕೊಟ್ಟು, “ಅಳಿಯಂದ್ರೇ, ಇದ್ರಲ್ಲಿ ಬುಟ್ಟಿ ಎಲ್ಲಿ?” ಎಂದರು.

“ಕಾಣ್ತಿಲ್ವಾ ಅತ್ತೆ? ಪರದೆ ತುಂಬ ಅದೇ ಇದೆ.”

“ಕಾಣೋದು ಹಾಗಿರ್ಲಿ. ಕೇಳಿಸ್ತಾ ಇಲ್ವಲ್ಲ.”

“ಕೊಳಲು ಹಾಕಿದ್ದೀನಿ ಅತ್ತೆ.”

“ಕೊಳಲು ಯಾಕೆ? ಬೈಗುಳ ಎಲ್ಲಿ ಹೋಯ್ತು?”

ನಾನು ನಗಲೋ ಬೇಡವೋ ಎಂದು ನೋಡುತ್ತಿದ್ದೆ. ಅವರಿಬ್ಬರೂ ನಗುತ್ತಿರಲಿಲ್ಲ. ಹೆಂಡತಿ ಅರ್ಧ ಹೆಣೆದ ಬುಟ್ಟಿಯೊಂದನ್ನು ತಂದು ಅತ್ತೆಯ ಮಡಿಲಲ್ಲಿಟ್ಟಳು. ಅತ್ತೆ ಎಳೆಯೊಂದನ್ನು ಹಿಡಿದು, ನೆಟ್ಟಗೆ ನಿಂತ ಕಡ್ಡಿಗಳನ್ನು ಬೆರಳಿನಿಂದ ಮುಟ್ಟುತ್ತ, ನಿಧಾನವಾಗಿ ಶುರುಮಾಡಿದರು. “ಕತ್ತೆ.” ಎಳೆ ಒಂದು ಕಡ್ಡಿಯ ಮುಂದೆ ಹಾಯಿತು. “ಕಟ್ಟೋದು.” ಇನ್ನೊಂದು ಕಡ್ಡಿಯ ಮುಂದೆ. “ಮರೆತ್ರಲ್ಲ.” ಮೂರನೆಯದರ ಮುಂದೆ. “ರೀ!” ಎಳೆ ನಾಲ್ಕನೇ ಕಡ್ಡಿಯ ಹಿಂದೆ ಹೋಯಿತು. “ಒದ್ದೆ, ಟವೆಲ್, ಹಾಸಿಗೆ, ಮೇಲೆ, ಎಸೆದಿದ್ದೀರಲ್ಲ.” ಐದು ಕಡ್ಡಿ ಮುಂದೆ. “ರೀ!” ಒಂದು ಹಿಂದೆ. “ಕನ್ನಡಕ, ತಲೆಮೇಲೇ, ಇದೆಯಲ್ಲ, ರೀ!” ಮೂರು ಮುಂದೆ, ಒಂದು ಹಿಂದೆ. “ಅಯ್ಯೋ, ನನ್ನ ಕರ್ಮ” ಎಂದು ಕೈ ನಿಲ್ಲಿಸಿ, ಎಳೆಯನ್ನು ಬಿಗಿದು, ಬುಟ್ಟಿಯನ್ನು ಒಂದು ಬೆರಳಗಲ ತಿರುಗಿಸಿದರು. ಸುಳಿ ಒಂದು ಮೆಟ್ಟಿಲು ಮೇಲೆ ಹತ್ತಿತ್ತು.

“ನಮ್ಮಮ್ಮನಿಗೆ ಎಣಿಸೋಕೆ ಬರ್ತಿರ್ಲಿಲ್ಲ,” ಅಂದರು ಅತ್ತೆ. “ಬೈಯೋಕೆ ಬರ್ತಿತ್ತು. ಅದನ್ನೇ ನನಗೆ ಕಲಿಸಿದ್ಲು, ನಾನು ಇವಳಿಗೆ.”

ಆ ಆ್ಯಪ್ಪು ಅಳಿಸಿದ್ದು ಗದ್ದಲವನ್ನಲ್ಲ, ಪಾಠವನ್ನು. ನಾನು ಕತ್ತರಿಸಿ ಎಸೆದ ನಿಟ್ಟುಸಿರುಗಳಲ್ಲೇ ಬುಟ್ಟಿ ತಿರುಗುತ್ತಿತ್ತು. ಇಪ್ಪತ್ತೆರಡು ವರ್ಷ ಅದೇ ಮಾತು, ಅದೇ ಕ್ರಮದಲ್ಲಿ, ಒಂದು ಪದವೂ ಹೆಚ್ಚುಕಡಿಮೆಯಾಗದೆ ನನ್ನ ತಲೆಯ ಮೇಲೆ ಸುರಿದಿತ್ತು. ಗಮನಿಸದಿರಲು ದೂರು ವಿಭಾಗದ ಗುಮಾಸ್ತನೇ ಆಗಿರಬೇಕು. ಮಾವ ತೀರಿಕೊಂಡು ಹತ್ತು ವರ್ಷವಾದರೂ ಅತ್ತೆ ಕಿಟಕಿಯ ಬಳಿ ಕೂತು ಅವರನ್ನು ಬೈಯುತ್ತಿದ್ದುದು ಯಾಕೆಂದೂ ಆಗ ತಿಳಿಯಿತು.

ಆದರೆ ಮರುಗಳಿಗೆಯಲ್ಲೇ ನನಗೊಂದು ಮಹದಾನಂದವಾಯಿತು. “ಅಂದ್ರೆ, ಈ ತಪ್ಪುಗಳೆಲ್ಲ ನಿಮ್ಮ ಅಪ್ಪಂದಾ ಅತ್ತೆ? ನನ್ನದಲ್ಲ!”

“ಕತ್ತೆ ಮಾತ್ರ ನಮ್ಮಪ್ಪಂದು,” ಅಂದರು ಅತ್ತೆ. “ಬುಟ್ಟಿ ಹೊರೋಕೆ ಅಂತ ಸಾಕಿದ್ರು, ಕಟ್ಟೋದು ಮರೀತಿದ್ರು. ಬೇರೆ ಮಾತು ಅವರವರ ಗಂಡನಿಗೆ ತಕ್ಕ ಹಾಗೆ ಬದಲಾಯಿಸ್ಕೋಬಹುದು. ಪದ ಮಾತ್ರ ಲೆಕ್ಕಕ್ಕೆ ಸರಿಯಾಗಿರ್ಬೇಕು.”

“ಸಾಮಾನಿಗೇನೂ ಕೊರತೆ ಆಗ್ಲಿಲ್ಲಮ್ಮ,” ಅಂದಳು ಹೆಂಡತಿ ನನ್ನನ್ನೇ ನೋಡುತ್ತ. ಆಮೇಲೆ ಫೋನನ್ನು ನನ್ನ ಕೈಗೆ ತುರುಕಿದಳು. “ನಾಲ್ಕು ವಾರ ಹಾಳಾಯ್ತಲ್ರೀ. ಇನ್ನೇನ್ ಮಾಡೋದು?”

ನಾನು ಎದೆಗುಂದುವ ಜಾತಿಯವನಲ್ಲ. ಮತ್ತೆ ಚಿತ್ರೀಕರಿಸೋಣ ಎಂದೆ. ಲೆಕ್ಕ ಗೊತ್ತಾಯಿತಲ್ಲ, ಮೂರು-ಐದು-ಮೂರು ಎಂದು ಅಂಕಿಯಲ್ಲೇ ಹೇಳಿದರಾಯಿತು, ನನ್ನ ಮಾನವೂ ಉಳಿಯುತ್ತದೆ ಎಂಬುದು ನನ್ನ ಉಪಾಯ. ಅವಳು ಪ್ರಯತ್ನಿಸಿದಳು. “ಒಂದು, ಎರಡು, ಮೂರು, ಹಿಂದೆ...” ಕೈ ಮುಂದಕ್ಕೇ ಹೋಗಲೊಲ್ಲದು. ಅತ್ತೆ ಆ ಹೆಣಿಗೆಯನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟರು. “ಸಡಿಲ. ಅಂಕಿ ಹೇಳಿದ್ರೆ ಕೋಪ ಬರಲ್ಲ, ಕೋಪ ಬರ್ದೇ ಎಳೆ ಬಿಗಿಯಲ್ಲ.”

ಅಂತೂ ಬೈಗುಳವೇ ಬೇಕೆಂದಾಯಿತು. ಸ್ಟ್ಯಾಂಡು ನಿಲ್ಲಿಸಿದೆ, ಪರದೆ ಸರಿಸಿದೆ, “ಆ್ಯಕ್ಷನ್” ಅಂದೆ. ಈಗ ನೋಡಿ ವಿಚಿತ್ರ. ಲೋಕವೆಲ್ಲ ಕೇಳುತ್ತದೆಂದು ಗೊತ್ತಾದ ಕೂಡಲೇ ನನ್ನ ಹೆಂಡತಿಗೆ ನಾಚಿಕೆ ಬಂದುಬಿಟ್ಟಿತು! “ಟವೆಲನ್ನು ದಯವಿಟ್ಟು...” ಎಂದು ಶುರುಮಾಡಿ ನಿಲ್ಲಿಸಿದಳು.

“ಬೈಯೇ ಮಾರಾಯ್ತಿ!” ಎಂದು ಅಂಗಲಾಚಿದೆ.

“ಬೈಯಿ ಅಂದ್ರೆ ಬೈಯೋಕಾಗುತ್ತಾ? ಒಳಗಿಂದ ಬರ್ಬೇಕು.”

“ಇಪ್ಪತ್ತೆರಡು ವರ್ಷ ಬಂತಲ್ಲ!”

“ಆಗ ನೀವು ಕೇಳಿಸ್ಕೊಳ್ತಿರ್ಲಿಲ್ಲ. ಈಗ ಹೀಗೆ ಕಿವಿ ನೆಟ್ಟಗೆ ಮಾಡ್ಕೊಂಡು ಕೂತ್ರೆ ನನಗೆ ಹೇಗೋ ಆಗುತ್ತೆ.”

ಕಲೆಗಾಗಿ ತ್ಯಾಗ ಮಾಡುವ ಗಳಿಗೆ ಬಂದಿತ್ತು. ನಾನು ಎದ್ದು ಹೋಗಿ ಟವೆಲನ್ನು ಒದ್ದೆ ಮಾಡಿ, ಆಗಷ್ಟೇ ಹಾಸಿದ ಹಾಸಿಗೆಯ ಮೇಲೆ, ಅವಳ ದಿಂಬಿನ ಕಡೆಯೇ ಎಸೆದೆ. ಹಗಲಿನಲ್ಲಿ ಮನೆಯ ದೀಪವೆಲ್ಲ ಹಚ್ಚಿದೆ. ಬಚ್ಚಲಿನ ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ನೆನೆಹಾಕಿದ ಬೆತ್ತದ ತೊಟ್ಟಿ ತುಂಬಿ, ನೀರು ಮುಂದಿನ ಕೋಣೆಯ ಹೊಸ್ತಿಲು ದಾಟಿ, ಒಣಗಿದ ಕಂತೆಗಳ ಕಡೆಗೆ ಹೊರಟಿತು. ಹೆಂಡತಿ ಅದನ್ನು ನೋಡಿದಳು. ಅವಳ ಮೂಗು ಕೆಂಪಾಯಿತು. ಕೈ ಎಳೆಯನ್ನು ಹಿಡಿಯಿತು.

“ನಲ್ಲಿ ತೆರೆದೇ ಬಿಟ್ರಲ್ಲ, ರೀ! ದೀಪ ಉರೀತಾ ಇದ್ರೂ ನೋಡದೆ ಹೊರಟ್ರಲ್ಲ, ರೀ! ಹೇಳಿದ್ದು ಒಂದೂ ಕೇಳಿಸ್ಕೊಳ್ಳಲ್ವಲ್ಲ, ರೀ! ಅಯ್ಯೋ, ನನ್ನ ಕರ್ಮ!”

“ಹಾಗೆ! ಹಾಗೆ ಬಿಗೀಬೇಕು!” ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಹೆಂಡತಿ ಈ ಹೊಸ ಸಾಲುಗಳ ಜೊತೆ ಕತ್ತೆ, ಟವೆಲು, ಕನ್ನಡಕಗಳ ಹಳೆಯ ಸಾಲುಗಳನ್ನೂ ಸೇರಿಸಿ ತಳದಿಂದ ಅಂಚಿನವರೆಗೆ ಒಂದೇ ಪಟ್ಟಿನಲ್ಲಿ ಹೆಣೆದು ಮುಗಿಸಿದಳು. ಅಷ್ಟು ಹೊತ್ತೂ ನಾನು ಬಚ್ಚಲು ಮನೆಯಿಂದ ಹೊಸ್ತಿಲಿನವರೆಗೆ ಮೊಣಕಾಲೂರಿ ನೆಲ ಒರೆಸುತ್ತಿದ್ದೆ. ಅಂಚು ಕಟ್ಟುವ ಕೊನೆಯ ಪಾಠ ನನ್ನ ಕಿವಿಗೆ ಬೀಳಲೇ ಇಲ್ಲ. “ಈ ಸಲ ಒಂದಕ್ಷರ ಕತ್ತರಿಸಿದ್ರೆ ನೋಡಿ ಮತ್ತೆ,” ಎಂದು ಅವಳು ಎಚ್ಚರಿಸಿದ್ದರಿಂದ ಎಲ್ಲವನ್ನೂ ಇದ್ದ ಹಾಗೇ ಜಾಲತಾಣಕ್ಕೆ ಹಾಕಿದೆ. ಉಳಿದಿದ್ದ ಹದಿಮೂರು ಜನರಿಗೂ ಕ್ಷಮೆ ಕೇಳಿ ಪತ್ರ ಬರೆದೆ, ಮೊಹರಿಲ್ಲದೆ.

ಮುಂದಿನದನ್ನು ಏನೆಂದು ಹೇಳಲಿ! ಎರಡೇ ದಿನದಲ್ಲಿ ಮೇಷ್ಟ್ರು ಬರೆದರು: ‘ಮೂರು, ಐದು, ಮೂರು! ಮೊದಲೇ ಹೇಳಬಾರದಿತ್ತೇ? ಅಂಕಿಯಲ್ಲಿ ಎಣಿಸಿ ಹೆಣೆದೆ, ಬುಟ್ಟಿ ಮಲಗಿತು. ಬೈದು ಹೆಣೆದೆ, ಎದ್ದಿತು. ಕಾರಣ ಸಂಶೋಧಿಸುತ್ತಿದ್ದೇನೆ.’ ಹಲ್ಲಿನ ಡಾಕ್ಟರು ಬಾಯಿ ತೆರೆದು ಕೂತ ರೋಗಿಯೊಬ್ಬರಿಗೆ, ತಮಗೇ ಅರಿವಿಲ್ಲದೆ, “ಕನ್ನಡಕ ತಲೆಮೇಲೇ ಇದೆಯಲ್ಲ, ರೀ!” ಅಂದರಂತೆ. ಅವಳಿಗಳ ಬುಟ್ಟಿಗಳು ಬೇರೆಬೇರೆಯಾದವು.

ಪಾಠ ಹದಿಮೂರು ಜನರಲ್ಲೇ ನಿಲ್ಲಲಿಲ್ಲ. ಬುಟ್ಟಿ ಹೆಣೆಯುವ ಉದ್ದೇಶವೇ ಇಲ್ಲದ ಸಾವಿರಾರು ಮಹಿಳೆಯರು ಬರಿಯ ಧ್ವನಿಗಾಗಿ ಅದನ್ನು ಕೇಳತೊಡಗಿದರು. ಒಂದು ಬೆಳಗ್ಗೆ ನಾನು ಬಸ್ಸು ಹತ್ತಿದರೆ ಚಾಲಕಿ ಕನ್ನಡಿಯಲ್ಲಿ ನನ್ನನ್ನು ನೋಡಿ, “ಸಾರ್, ಪಾಠದಲ್ಲಿ ನೆಲ ಒರೆಸ್ತಾ ಇದ್ರಲ್ಲ, ನೀವೇ ಅಲ್ವಾ? ನಲ್ಲಿ ನಿಲ್ಲಿಸಿ ಬಂದ್ರಾ?” ಅಂದಳು. ಬಸ್ಸಿನ ಅರ್ಧ ಜನ ತಿರುಗಿ ನೋಡಿದರು. ಇನ್ನರ್ಧ ಜನ ನಕ್ಕರು. ಕಚೇರಿಯ ಕಿಟಕಿಯ ಮುಂದೆ ದೂರು ಹಿಡಿದು ನಿಂತ ಅಜ್ಜಿಯೊಬ್ಬರು, “ಹೇಳಿದ್ದು ಒಂದೂ ಕೇಳಿಸ್ಕೊಳ್ಳಲ್ವಂತೆ ನೀವು. ನಾನು ಬರ್ಕೊಂಡೇ ಬಂದಿದ್ದೀನಿ,” ಎಂದು ಚೀಟಿ ತಳ್ಳಿದರು. ನಾನು ತಲೆ ಆಡಿಸುವುದನ್ನು ಬಿಟ್ಟು ಅದನ್ನು ಪೂರ್ತಿ ಓದಿದೆ. ಅವರ ಮನೆಯ ದೀಪ ಅದೇ ದಿನ ಹೊತ್ತಿತು. ಹಾಗಾಗಿ, ನನ್ನ ತಂತ್ರಜ್ಞಾನದಿಂದ ವಿದ್ಯುತ್ ಇಲಾಖೆಗೂ ಪ್ರಯೋಜನವಾಯಿತೆಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಎಂಟನೇ ವಾರದ ಕೊನೆಯ ದಿನ ಕೇಂದ್ರದ ದೊಡ್ಡ ಕೋಣೆಯಲ್ಲಿ ಪರೀಕ್ಷೆ. ಹದಿಮೂರು ಜನರಲ್ಲಿ ಒಬ್ಬರಿಗೆ ಜ್ವರ. ಬಂದವರು ಸರಿಯಾಗಿ ಹನ್ನೆರಡು. ಒಂದು ಬುಟ್ಟಿ ಬಿದ್ದರೂ ಗಾಜಿನ ಬೀರು. ಎಲ್ಲರೂ ಅಂಚೊಂದು ಬಾಕಿಯಿರುವಷ್ಟು ಹೆಣೆದು ತಂದಿದ್ದರು. ಅಂಚನ್ನು ಅಲ್ಲೇ, ಎಲ್ಲರೆದುರು ಮುಗಿಸಬೇಕು. ನಿರ್ದೇಶಕಿ ಮೇಜಿನ ಬಳಿ, ಅತ್ತೆ ನಡುವೆ ಕುರ್ಚಿಯಲ್ಲಿ, ಹೆಂಡತಿ ಅವರ ಹಿಂದೆ ನಿಂತು ಸೆರಗಿನ ತುದಿಯನ್ನು ತಿರುಚುತ್ತಿದ್ದಳು. ಎಲ್ಲರಿಗೂ ಚಹಾ ಮಾಡಿ ತರುವ ಹೊಣೆ ನನ್ನದು. (ಇನ್ನು ಯಾವ ಯಂತ್ರವನ್ನೂ ಮುಟ್ಟಕೂಡದೆಂದು ಆಜ್ಞೆಯಾಗಿತ್ತು.) ಹಿಂದಿನ ಕೋಣೆಯಲ್ಲಿ ನೀರು ಹಿಡಿದು, ಚಹಾ ಕಾಯಿಸಿ, ತಟ್ಟೆ ಹೊತ್ತು ಒಳಗೆ ಬಂದೆ.

ಆಗಲೇ ಅಂಚು ಶುರುವಾಯಿತು. ಹನ್ನೆರಡು ದನಿಗಳು ಒಟ್ಟಿಗೆ, ಮೆಲ್ಲಗೆ, ಬೈಗುಳದ ಬಿರುಸೆಲ್ಲ ಬಿಟ್ಟು ಹೇಳಿದವು: “ಏನೇ ಆದ್ರೂ ನನ್ನ ಗಂಡನಂಥ ಗಂಡ ಸಿಗಲ್ಲ.”

ನಾನು ನಿಂತಲ್ಲೇ ನಿಂತುಬಿಟ್ಟೆ. “ಏನೇ ಆದ್ರೂ ನನ್ನ ಗಂಡನಂಥ ಗಂಡ ಸಿಗಲ್ಲ.” ದಪ್ಪ ಮೀಸೆಯ ಮೇಷ್ಟ್ರೂ ಅದನ್ನೇ ಹೇಳುತ್ತಿದ್ದರು, ಹಲ್ಲಿನ ಡಾಕ್ಟರೂ ಅದನ್ನೇ. ಬುಟ್ಟಿಯ ಬಾಯಿಯನ್ನು ಕಟ್ಟುವ ಮಾತು ಇದು! ಇಪ್ಪತ್ತೆರಡು ವರ್ಷ ನಾನು ಅಂಚಿನವರೆಗೆ ಕಾಯದೆ ಎದ್ದು ಹೋಗುತ್ತಿದ್ದೆ; ಸಂಕಲನದಲ್ಲೂ ಅಲ್ಲಿಯವರೆಗೆ ಕೇಳದೆಯೇ ಅಳಿಸಿದ್ದೆ. ಪ್ರತಿ ಬುಟ್ಟಿಯ ಕೊನೆಯಲ್ಲೂ ಇವಳು ಇದನ್ನು ಹೇಳುತ್ತಿದ್ದಳೇ? ನನಗೆ ಅಳು ಬಂತು.

ಅಂಚು ಮುಗಿಯಿತು. ಅತ್ತೆ ಎದ್ದರು. ಒಂದೊಂದೇ ಬುಟ್ಟಿಯ ಹತ್ತಿರ ಹೋಗಿ, ಬಗ್ಗಿ, ಕಣ್ಣನ್ನು ತೀರ ಹತ್ತಿರ ತಂದು ಸುಳಿಯನ್ನು ನೋಡಿದರು. ಆಮೇಲೆ ಬೆರಳಿನಿಂದ ದೂಡಿದರು. ಮೊದಲನೆಯದು ವಾಲಿತು, ಎದ್ದಿತು. ಎರಡನೆಯದು ಎದ್ದಿತು. ಅವಳಿಗಳ ಎರಡೂ ಎದ್ದವು. ಹನ್ನೆರಡನೆಯದು ಚಾಲಕಿಯದು, ವಾಲಿದ್ದು ವಾಲಿಯೇ ಇತ್ತು. ಆಮೇಲೆ ಅದೂ ಸಾವಕಾಶವಾಗಿ ಎದ್ದು ನಿಂತಿತು.

ಅತ್ತೆ ಚಾಲಕಿಯ ಒರಟು ಕೈಯನ್ನು ಹಿಡಿದುಕೊಂಡು, “ನಮ್ಮಮ್ಮನ ಕೈ ಹೀಗೇ ಇತ್ತು,” ಅಂದರು. “ನೋಡಿದೆನಮ್ಮ. ಕಣ್ಣಾರೆ ನೋಡಿದೆ.” ಹೆಂಡತಿ ಅಳುತ್ತ ಅಮ್ಮನನ್ನು ತಬ್ಬಿಕೊಂಡಳು. ನಿರ್ದೇಶಕಿ ತರಗತಿಯ ಕಾಗದಕ್ಕೆ ಸಹಿ ಹಾಕಿ, ಬೀರುವಿನಲ್ಲಿ ಚಹಾದ ಲೋಟಗಳನ್ನಿಡೋಣ ಅಂದರು.

ಗದ್ದಲ ತಗ್ಗಿದ ಮೇಲೆ ನಾನು ಮೆಲ್ಲನೆ ಹೆಂಡತಿಯ ಪಕ್ಕಕ್ಕೆ ಸರಿದೆ. “ಇವಳೇ, ಬೈಗುಳ ಎಲ್ಲ ಊರಿಗೆ ಗೊತ್ತಾಯ್ತು, ಹೋಗ್ಲಿ ಬಿಡು. ಆದ್ರೆ ಕೊನೇಲಿ ಆ ಮಾತು ಹೇಳಿದೆಯಲ್ಲ ನನ್ನ ಬಗ್ಗೆ, ಅದು ಸಾಕು ಕಣೇ ನನಗೆ.”

ಅವಳು ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. “ಯಾವ್ದು? ಅಂಚಿಂದಾ? ಅಯ್ಯೋ, ಅದು ತಾತಂದು ರೀ.”

“ಏನು?”

“ಅಜ್ಜಿ ತಾತನಿಗೆ ಹೇಳಿದ್ದು. ಕತ್ತೆ ಮತ್ತೆ ಅಂಚು, ಅವೆರಡೇ ಹಳೇವು. ಅಮ್ಮನೂ ಬದಲಾಯಿಸ್ಲಿಲ್ಲ, ನಾನೂ ಬದಲಾಯಿಸ್ಲಿಲ್ಲ.” ಕನಿಕರದಿಂದ ಸೇರಿಸಿದಳು: “ನಿಮ್ದೂ ಸೇರಿಸ್ಬೇಕು ಅಂತ ನೋಡ್ತಾನೇ ಇದ್ದೀನಿ. ಆರು ಪದಕ್ಕಾಗುವಷ್ಟು ಇನ್ನೂ ಸಿಕ್ಕಿಲ್ಲ.”

ನಾನು ಎದೆಗುಂದುವ ಜಾತಿಯವನಲ್ಲ ಎಂದು ಆಗಲೇ ಹೇಳಿದ್ದೇನೆ. “ಆರು ತಾನೇ? ಇವತ್ತಿಂದಲೇ ನೋಡು. ಇನ್ಮೇಲೆ ನಾನು ಬೇರೇನೇ ಮನುಷ್ಯ!” ಎಂದು, ಎಲ್ಲರಿಗೂ ಕೇಳಿಸುವಂತೆ, ಎದೆ ತಟ್ಟಿ ಘೋಷಿಸಿದೆ. ಅಷ್ಟರಲ್ಲಿ ಹಿಂದಿನ ಕೋಣೆಯಿಂದ, ನಾನು ಚಹಾಕ್ಕೆ ನೀರು ಹಿಡಿದ ಕಡೆಯಿಂದ, ಜುಳುಜುಳು ಸದ್ದು ಕೇಳಿಸಿತು. ಬಾಗಿಲ ಕೆಳಗಿನಿಂದ ನೀರಿನ ತೆಳುವಾದ ನಾಲಗೆಯೊಂದು ಕೋಣೆಯೊಳಕ್ಕೆ ಬಂತು.

ಅತ್ತೆ, ಹೆಂಡತಿ, ನಿರ್ದೇಶಕಿ ಮತ್ತು ಹನ್ನೆರಡು ಜನ ಶಿಷ್ಯರು ಒಂದೇ ಉಸಿರಿನಲ್ಲಿ ಹೇಳಿದರು: “ನಲ್ಲಿ ತೆರೆದೇ ಬಿಟ್ರಲ್ಲ, ರೀ!”

ನಾನು ಒರೆಸುವ ಬಟ್ಟೆ ಹುಡುಕುತ್ತ ಓಡಿದೆ. ಓಡುವಾಗ ತಿರುಗಿ ನೋಡಿದರೆ, ಹದಿನೈದು ಜನರ ಬಲಗೈಗಳೂ ಗಾಳಿಯಲ್ಲಿ ಮೂರು ಕಡ್ಡಿ ಮುಂದೆ ಹೋಗಿ ಒಂದು ಕಡ್ಡಿ ಹಿಂದೆ ಬಂದಿದ್ದವು.